ಕೊಯ್ತಾ ಮಸೆಯುವ ಕಲ್ಲಿನ ಮೇಲೆ ವಸ್ತರಾ

ಮೂರು ವಸ್ತರಾ (ಕ್ಷೌರದ ಕತ್ತಿ), ಮೂರು ಬಣ್ಣದ ದಾರ. ಕೆಂಪು ದಾರ ಕಟ್ಟಿದ್ದನ್ನು ಬೆಲ್ಜಿಯಂನ ಹಳದಿ ಮಸೆಗಲ್ಲು ಕೋಟಿಕ್ಯೂಲ್ ಮೇಲೆ ಮಸೆದು ಮುಗಿಸಿದ್ದೆ. ಹಸಿರು ದಾರದ್ದು ಅಮೆರಿಕದ ಆರ್ಕನ್ಸಾ ಕರಿಗಲ್ಲಿನ ಮೇಲೆ. ಬಿಳಿ ದಾರದ್ದು ನಮ್ಮ ಬಾಗಲಕೋಟೆ ಕಡೆಯ ಕಲಾದಗಿ ಸೀಮೆಯ ನೇರಳೆ ಬಣ್ಣದ ಪಾಟಿಗಲ್ಲಿನ (ಸ್ಲೇಟ್) ಮೇಲೆ. ಯಾವ ದಾರಕ್ಕೆ ಯಾವ ಕಲ್ಲು ಅಂತ ಚೀಟಿಯಲ್ಲಿ ಬರೆದು ಮಡಚಿಟ್ಟು, ಮೂರನ್ನೂ ಬೆಳಗಾವಿಯ ಗೆಳೆಯರೊಬ್ಬರ ಕೈಗೆ ಕೊಟ್ಟೆ. ಪರದೇಶದ ಕಲ್ಲುಗಳಿಗೆ ಲಕ್ಷದ ಹತ್ತಿರ ಸುರಿದವರು ಅವರು. "ಆ ಫರ್ಸಿ ತುಂಡಿನ ಮ್ಯಾಲ ಕಬ್ಬು ಕಡಿಯೋ ಕೊಯ್ತಾ ಮಸೀರಿ, ವಸ್ತರಾ ಯಾಕ ಹಾಳ ಮಾಡ್ಕೋತೀರಿ" ಅಂದವರೂ ಅವರೇ. ಒಂದೊಂದರಿಂದ ಮೂರು ಸಲ, ಒಟ್ಟು ಒಂಬತ್ತು ದಾಡಿ ಆದಮೇಲೆ "ಇದು ಖಾತ್ರಿ ಕೋಟಿಕ್ಯೂಲ್" ಅಂತ ಅವರು ಎತ್ತಿ ತೋರಿಸಿದ್ದು ಬಿಳಿ ದಾರದ್ದನ್ನು. ಆರ್ಕನ್ಸಾ ಮಾತ್ರ ಸರಿಯಾಗಿ ಹೇಳಿದರು. ಅದರ ಬಾಯಿ (ಹರಿತದ ಅಂಚು) ಗಲ್ಲದ ಮೇಲೆ ಬೇರೆಯೇ ಥರ ಹೋಗುತ್ತದೆ, ಬಳಸಿದವರಿಗೆ ಗೊತ್ತಾಗಿಯೇ ಆಗುತ್ತದೆ.

ಆ ಬಿಳಿ ದಾರದ ವಸ್ತರಾ ಹೇಗೆ ತಯಾರಾಯಿತು ಅನ್ನೋದಷ್ಟೇ ಇಲ್ಲಿನ ವಿಷಯ. ಬೆವೆಲ್ ಅಂದರೆ ಬಾಯಿಯಲ್ಲಿ ಕೂಡುವ ಎರಡು ಓರೆ ಮುಖ, ಪಟ್ಟಾ ಅಂದರೆ ಕೊನೆಗೆ ಬಾಯಿ ತೀಡುವ ತೊಗಲಿನ ಪಟ್ಟಿ. ಪಟ್ಟಾದ ಮೇಲೆ ವಸ್ತರಾವನ್ನು ಬೆನ್ನಿನ ಮೇಲೇ ಯಾಕೆ ಹೊರಳಿಸಬೇಕು ಅನ್ನೋದೆಲ್ಲ ಓದುವವರಿಗೆ ಗೊತ್ತಿದೆ ಅಂತ ಹಿಡಿದು ಬರೆಯುತ್ತೇನೆ. ಲೆಕ್ಕಗಳು ನೆನಪಿನಿಂದ ಕೊಟ್ಟವು, ಹತ್ತಿಪ್ಪತ್ತು ರೂಪಾಯಿ ಆಚೀಚೆ ಆಗಬಹುದು.

ಮೊದಲು ಕಲ್ಲಿನ ಆಯ್ಕೆ. ನಾನು ಹೆಚ್ಚು ದುಡ್ಡು, ಹೆಚ್ಚು ದಿನ ಕಳೆದದ್ದು ಅಲ್ಲೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ನಮ್ಮ ಭಾಗದ ಪದರಗಲ್ಲುಗಳಿಗೆ ಕಲಾದಗಿಯ ಹೆಸರನ್ನೇ ಇಟ್ಟ. ಆ ಹೆಸರಿನ ಕೆಳಗೆ ಬೆಣಚುಗಲ್ಲು, ಮರಳುಗಲ್ಲು, ಸುಣ್ಣದಕಲ್ಲು, ಡಾಲೊಮೈಟ್, ಗಟ್ಟಿಯಾದ ಜೇಡಿಕಲ್ಲು, ಪಾಟಿಗಲ್ಲು ಎಲ್ಲ ಬರುತ್ತವೆ. ವಸ್ತರಾಕ್ಕೆ ಬೇಕಾದದ್ದು ಕೊನೆಯ ಎರಡು ಮಾತ್ರ. ಬಾದಾಮಿಯ ಮರಳುಗಲ್ಲು ಕುಡಗೋಲಿಗೆ ಬಂಗಾರ, ವಸ್ತರಾಕ್ಕೆ ಗರಗಸ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಗಟ್ಟಿ ಹರಳು, ಮೆದು ಹರಳು ಪಕ್ಕಪಕ್ಕ ಕೂತಿರುತ್ತವೆ. ಎಷ್ಟೇ ಪಾಲಿಶ್ ಮಾಡಿದರೂ ಬಾಯಿ ಒಂದೊಂದು ಹರಳಿಗೆ ಒಂದೊಂದು ಥರ ತಾಗುತ್ತದೆ. ಶಹಾಬಾದ್ ಫರ್ಸಿ, ಕಡಪಾ ಕಲ್ಲು ಎರಡೂ ಸುಣ್ಣದಕಲ್ಲಿನ ಜಾತಿ. ನುಣುಪು ನೋಡಿ ಮೋಸ ಹೋಗಬೇಡಿ. ಉಕ್ಕಿಗಿಂತ ಬಹಳ ಮೆದು, ಬಾಯಿಯನ್ನು ಹೊಳಪಿಸುತ್ತವೆಯೇ ಹೊರತು ಕೊಯ್ಯುವುದಿಲ್ಲ. ಹದಿನೈದು ದಿನ ಕಡಪಾ ಕಲ್ಲಿನ ಮೇಲೆ ತಿಕ್ಕಿ, ಕನ್ನಡಿಯಂತೆ ಹೊಳೆಯುವ ಮೊಂಡು ವಸ್ತರಾ ಮಾಡಿಕೊಂಡದ್ದುಂಟು.

ಸುಣ್ಣದಕಲ್ಲು ಗುರುತಿಸಲು ನಿಂಬೆಹಣ್ಣು ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಡಾಲೊಮೈಟ್ ಮೇಲೆ ನಿಂಬೆರಸ ಹಾಕಿದರೆ ನೊರೆ ಬರುವುದೇ ಇಲ್ಲ. ನಾನು ಎರಡು ತುಂಡು ಹೀಗೆ ಪಾಸು ಮಾಡಿ, ಕೊಯ್ಸಿ, ಸಮ ಮಾಡಿ, ತಿಂಗಳುಗಟ್ಟಲೆ ಅದರ ಮೇಲೆ ಬೆವರು ಸುರಿಸಿದೆ. ಸರಿಯಾದ ಕ್ರಮ ಹೀಗೆ: ಮೊಳೆಯಿಂದ ಕಲ್ಲನ್ನು ಗೀರಿ ಚೂರು ಪುಡಿ ಎಬ್ಬಿಸಿ, ಆ ಪುಡಿಯ ಮೇಲೆ ಸಂಡಾಸ ತೊಳೆಯುವ ಆಸಿಡ್ ಒಂದು ಹನಿ ಬಿಡಿ. ಸುಣ್ಣದಕಲ್ಲಾದರೆ ಭುಸ್ ಅನ್ನುತ್ತದೆ. ಡಾಲೊಮೈಟ್ ಆದರೆ ಕಿವಿ ಹತ್ತಿರ ತಂದರೆ ಸಣ್ಣಗೆ ಸಿರ್ ಅನ್ನುತ್ತದೆ. ಪಾಟಿಗಲ್ಲು ಸುಮ್ಮನಿರುತ್ತದೆ. ಕೈಗೆ ಗವಸು ಹಾಕಿಕೊಂಡು, ಬಯಲಲ್ಲಿ ಮಾಡಿ.

ಆಸಿಡ್ ಪರೀಕ್ಷೆ ದಾಟಿದ ತುಂಡಿಗೆ ಇನ್ನೂ ಮೂರು ಪರೀಕ್ಷೆ. ಒಂದು, ಬಾಯಿಂದ ಬಿಸಿ ಉಸಿರು ಊದಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಎರಡು, ಒಂದು ಹನಿ ನೀರು ಮೇಲೆ ಬಿಟ್ಟರೆ ಕನಿಷ್ಠ ಎರಡು ಮೂರು ನಿಮಿಷ ನಿಲ್ಲಬೇಕು. ಕೂಡಲೇ ಹೀರಿಕೊಂಡರೆ ಅದು ಮೆದು, ರಾಡಿ (ತಿಕ್ಕಿದಾಗ ಏಳುವ ಕಲ್ಲಿನ ಕೆಸರು) ಅತಿಯಾಗಿ ಬಿಡುತ್ತದೆ. ಮೂರು, ಒದ್ದೆ ಮಾಡಿ ಬಿಸಿಲಿಗೆ ಓರೆಯಾಗಿ ಹಿಡಿದು ಗೆರೆಗಳನ್ನು ನೋಡಬೇಕು. ಬಿಳಿ ಬೆಣಚಿನ ನರ ಇದ್ದರೆ ಬೇಡವೇ ಬೇಡ. ಹಿತ್ತಾಳೆಯ ಹಾಗೆ ಮಿನುಗುವ ಚುಕ್ಕೆ ಇದ್ದರೂ ಬೇಡ. ಅಭ್ರಕದ ಸಣ್ಣ ಮಿಂಚಿದ್ದರೆ ನಡೆಯುತ್ತದೆ. ಬಣ್ಣದ ಪಟ್ಟೆಗಳಿದ್ದರೂ ನಡೆಯುತ್ತದೆ, ಆದರೆ ಪಟ್ಟೆ ದಾಟುವಾಗ ಬೆರಳಿನ ಉಗುರಿಗೆ ಮೆಟ್ಟಿಲು ಸಿಗಬಾರದು. ಹದಿಮೂರೋ ಹದಿನಾಲ್ಕೋ ತುಂಡುಗಳಲ್ಲಿ ನನಗೆ ಪೂರ್ತಿ ಪಾಸಾದದ್ದು ಎರಡು. ಆ ಎರಡೂ ಸಿಕ್ಕದ್ದು ಒಂದೇ ಜಾಗದಲ್ಲಿ. ಆ ಜಾಗದ ಹೆಸರು ಮಾತ್ರ ಕೇಳಬೇಡಿ. ಕಲಾದಗಿಗೂ ಲೋಕಾಪುರಕ್ಕೂ ಎಲ್ಲೋ ನಡುವೆ ಅನ್ನುವುದಕ್ಕಿಂತ ಹೆಚ್ಚು ಹೇಳುವುದಿಲ್ಲ. ಆಲಮಟ್ಟಿ ಅಣೆಕಟ್ಟಿನ ಮುಳುಗಡೆ ಮನೆಗಳಿಂದ ಕಿತ್ತು ತಂದು ಮಾರುವ ಹಳೇ ಕಲ್ಲುಗಳಲ್ಲೂ ಹುಡುಕಬಹುದು. ಹೊಸ್ತಿಲು, ಮೆಟ್ಟಿಲಾಗಿ ಐವತ್ತು ವರ್ಷ ಕಾಲಡಿಗೆ ಸವೆದು ನುಣುಪಾದ ಕಲ್ಲು ತನ್ನ ಗುಣವನ್ನು ತಾನೇ ತೋರಿಸಿರುತ್ತದೆ: ಪದರ ಎದ್ದಿದೆಯೋ, ಗುಳಿ ಬಿದ್ದಿದೆಯೋ, ಸಮನಾಗಿ ಸವೆದಿದೆಯೋ ಅಂತ ನೋಡಿದರೆ ಸಾಕು.

ಕೊಯ್ಸುವುದು. ಎಂಟು ಇಂಚು ಉದ್ದ, ಎರಡೂವರೆ ಇಂಚು ಅಗಲ, ಮುಕ್ಕಾಲರಿಂದ ಒಂದು ಇಂಚು ದಪ್ಪ. ಗ್ರಾನೈಟ್ ಅಂಗಡಿಯಲ್ಲಿ ತುಂಡಿಗೆ 60 ರೂಪಾಯಿ ಹಾಗೆ ತೆಗೆದುಕೊಂಡರು. ಒಂದೇ ಮಾತು ಒತ್ತಿ ಹೇಳಬೇಕಾದದ್ದು: ಮಸೆಯುವ ಮುಖ ಕಲ್ಲಿನ ಪದರಕ್ಕೆ ಸಮಾಂತರವಾಗಿರಬೇಕು. ನನ್ನ ಮೊದಲ ಒಳ್ಳೆಯ ಕಲ್ಲನ್ನು ಕೆಲಸದ ಹುಡುಗ ಅಡ್ಡ ಕೊಯ್ದಿದ್ದ, ನಾನೂ ನೋಡಲಿಲ್ಲ. ಪದರಗಳ ಅಂಚು ಮೇಲೆ ಬಂದರೆ ಮೆದು ಪದರ ಬೇಗ ಸವೆದು, ಗಟ್ಟಿ ಪದರ ಕೂದಲೆಳೆಯಷ್ಟು ಮೇಲೆ ನಿಂತು, ಬಾಯಿಯನ್ನು ಬಾಚಣಿಗೆ ಮಾಡುತ್ತದೆ. 60 ಪಟ್ಟಿನ ಸಣ್ಣ ಭೂತಗನ್ನಡಿಯಲ್ಲಿ (250 ರೂಪಾಯಿಗೆ ಸಿಕ್ಕಿತ್ತು) ನೋಡಿದಾಗ ಬಾಯಿಯುದ್ದಕ್ಕೂ ಸಮ ಅಂತರದ ಕಚ್ಚು ಕಂಡಮೇಲೆ ನನಗೆ ತಿಳಿದದ್ದು. ಕೊಯ್ದ ಕೂಡಲೇ ಪಕ್ಕಗಳಿಗೆ, ಅಡಿಗೆ ಎರಡು ಕೋಟು ಬಡಗಿಯವರ ಅರಗಿನ ಪಾಲಿಶ್ ಹೊಡೆಯಿರಿ. ಇಲ್ಲದಿದ್ದರೆ ನೀರು ಪಕ್ಕದಿಂದ ಪದರಗಳ ನಡುವೆ ಹೊಕ್ಕು, ಬೇಸಿಗೆಯಲ್ಲಿ ಒಣಗಿದಾಗ ಕಲ್ಲು ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತದೆ. ಉಗುರುಬಣ್ಣವೂ ನಡೆಯುತ್ತದೆ, ತುಟ್ಟಿ ಬೀಳುತ್ತದೆ ಅಷ್ಟೆ.

ಸಮ ಮಾಡುವುದಕ್ಕೆ ವಾಲ್ವ್ ತಿಕ್ಕುವ ಪೇಸ್ಟ್ ತರಬೇಡಿ. ಆಟೊ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ನಾನು ತಂದು, ಅದರ ಜಿಡ್ಡು ಕಲ್ಲಿನ ಒಳಕ್ಕೆ ಇಳಿದು, ಆ ಮುಖವನ್ನೇ ಎರಡು ಮಿಲಿಮೀಟರ್ ತೆಗೆಸಬೇಕಾಯಿತು. ಒಣ ಕಾರ್ಬೊರಂಡಮ್ (ಸಾಣೆ ಹಿಡಿಯುವ) ಪುಡಿ 80, 220, 400 ನಂಬರು (ನಂಬರು ಏರಿದಂತೆ ನುಣುಪು), ಪ್ರತಿಯೊಂದೂ ಒಂದು ಚಮಚದಷ್ಟು, ನೀರು ಹಾಕಿ. ಗಾಜಿನ ಮೇಲೆ ತಿಕ್ಕುವುದಕ್ಕಿಂತ ಮೂರು ಕಲ್ಲುಗಳನ್ನು ಒಂದಕ್ಕೊಂದು ತಿಕ್ಕುವುದು ಒಳ್ಳೆಯದು: ಒಂದನೆಯದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಮೂರನೆಯದು ಒಂದನೆಯದರ ಮೇಲೆ. ಎರಡೇ ಕಲ್ಲಾದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿ ಎರಡೂ ಸರಿ ಕೂತ ಹಾಗೆ ಕಾಣುತ್ತವೆ. ಮೂರಾದರೆ ಆ ಮೋಸ ನಡೆಯುವುದಿಲ್ಲ. ಪೆನ್ಸಿಲ್ಲಿನಿಂದ ಚೌಕಳಿ ಹಾಕಿ, ಎಲ್ಲ ಗೆರೆ ಒಟ್ಟಿಗೆ ಹೋಗುವವರೆಗೆ ತಿಕ್ಕಿ. ಕೊನೆಗೆ ಪಾಲಿಶ್ ಆದ ಗ್ರಾನೈಟ್ ತುಂಡಿನ ಮೇಲೆ 600, ಆಮೇಲೆ 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಮರಳುಕಾಗದ) ಅಂಟಿಸಿ ನುಣುಪು ಮಾಡಿ. ಕಲ್ಲಿನ ನಾಲ್ಕೂ ಅಂಚುಗಳನ್ನು ಒಂದೆರಡು ಮಿಲಿಮೀಟರ್ ಓರೆಯಾಗಿ ಕೆರೆದುಬಿಡಿ. ಚೂಪು ಅಂಚಿಗೆ ವಸ್ತರಾದ ಬುಡ ತಾಗಿದರೆ ಆ ಬೆಳಗಿನ ಕೆಲಸವೆಲ್ಲ ಹೋಯಿತು.

ಅದೇ ಕಲ್ಲಿನ ಕೊಯ್ದುಳಿದ ಚೂರಿನಿಂದ ಎರಡು ಇಂಚು ಉದ್ದ, ಒಂದು ಇಂಚು ಅಗಲದ ಮರಿಗಲ್ಲು ಮಾಡಿಕೊಳ್ಳಿ. ಅದರ ಕಥೆ ಮುಂದೆ ಬರುತ್ತದೆ.

ಇಲ್ಲಿಗೆ ಖರ್ಚು: ಕಲ್ಲಿಗೆ ಏನೂ ಇಲ್ಲ, ಹೋಗಿ ಬಂದ ಪೆಟ್ರೋಲ್ 400, ಕಲ್ಲು ಕೊಯ್ಸಲು ಎಲ್ಲ ಸೇರಿ 800ರ ಹತ್ತಿರ (ಹಾಳಾದವೂ ಸೇರಿ), ಪುಡಿ ಮತ್ತು ವಾಟರ್ ಪೇಪರಿಗೆ 700, ಪಾಲಿಶ್ 120. ಎರಡು ಸಾವಿರಕ್ಕೆ ನೂರು ಮೇಲೋ ಕೆಳಗೋ. ನನ್ನ ಕೋಟಿಕ್ಯೂಲ್ ಕಸ್ಟಮ್ಸ್ ಸೇರಿ ಹನ್ನೊಂದು ಸಾವಿರ ಮುಟ್ಟಿತ್ತು, ಅದೂ ಇದಕ್ಕಿಂತ ಸಣ್ಣದು. ಹಳೇ ಕಬ್ಬಿಣದವರ ಹತ್ತಿರ, ರವಿವಾರದ ಸಂತೆಯಲ್ಲಿ ಜರ್ಮನಿಯ ಜೋಲಿಂಗೆನ್ ವಸ್ತರಾ 300ರಿಂದ 800ರವರೆಗೆ ಸಿಕ್ಕಿವೆ. ಏಡ್ಸ್ ಭಯ ಬಂದಮೇಲೆ ಕ್ಷೌರದ ಅಂಗಡಿಗಳವರೆಲ್ಲ ಅರ್ಧ ಬ್ಲೇಡ್ ಹಾಕುವ ವಸ್ತರಾಕ್ಕೆ ಹೋದರಲ್ಲ, ಅವರ ಡ್ರಾಯರಿನ ಮೂಲೆಯಲ್ಲಿ ಇನ್ನೂ ಚಲೋ ಉಕ್ಕು ಬಿದ್ದಿದೆ. ಬೆನ್ನು ಒಂದೇ ಕಡೆ ಚಪ್ಪಟೆಯಾಗಿ ಸವೆದದ್ದು, ಬಾಯಿ ನಡುವೆ ಒಳಕ್ಕೆ ತಗ್ಗಿದ್ದು ತೆಗೆದುಕೊಳ್ಳಬೇಡಿ. ತುಕ್ಕಿನ ಕಪ್ಪು ಚುಕ್ಕೆ ಬಾಯಿಯವರೆಗೆ ಬಂದಿದ್ದರೂ ಬೇಡ. ಎಷ್ಟು ಮಸೆದರೂ ಒಳಗಿನ ಗುಳಿ ಬಾಯಿಗೆ ಬಂದೇ ಬರುತ್ತದೆ.

ಬೆವೆಲ್ ಕೂರಿಸುವುದಕ್ಕೆ ನಾನು ನೈಸರ್ಗಿಕ ಕಲ್ಲಿನ ಹಟ ಹಿಡಿಯುವುದಿಲ್ಲ. 1000 ನಂಬರಿನ ಕೃತಕ ಕಲ್ಲೇ. ಇಲ್ಲಿ ಜಾಣತನ ತೋರಿಸಲು ಹೋಗಿ ಮರಳುಗಲ್ಲಿನ ಮೇಲೆ ಬೆವೆಲ್ ಹಾಕಿದ ಎರಡು ವಸ್ತರಾ ಈಗ ಪಾರ್ಸೆಲ್ ಬಿಚ್ಚಲು ಬಳಕೆಯಲ್ಲಿವೆ. ಮೊದಲು ಹಳೇ ಬಾಯಿಯನ್ನು ಗಾಜಿನ ಬಾಟಲಿಯ ಮೇಲೆ ಹಗುರವಾಗಿ ಒಂದೇ ಸಲ ಎಳೆದು ಮೊಂಡು ಮಾಡಿ. ಬಾಯಿಗೆ ಜೋತಾಡುವ ಹಳೇ ತಂತಿ (ಮಡಚಿ ನಿಂತ ಉಕ್ಕಿನ ಎಳೆ) ಇದ್ದರೆ ಅದು ಹರಿತದ ಹಾಗೆ ನಾಟಕ ಮಾಡಿ ಮೋಸ ಮಾಡುತ್ತದೆ. ಬೆವೆಲ್ಲಿಗೆ ಕರಿ ಮಾರ್ಕರ್ ಬಳಿದು ಎರಡು ಎಳೆತ ಎಳೆದರೆ ಕಲ್ಲು ಎಲ್ಲಿ ತಾಗುತ್ತಿದೆ ಅಂತ ಗೊತ್ತಾಗುತ್ತದೆ. ಬೆನ್ನು 5 ಮಿಲಿಮೀಟರ್, ಅಗಲ 17 ಇದ್ದರೆ ಕೋನ 17 ಡಿಗ್ರಿಯ ಹತ್ತಿರ. ಬೆನ್ನು ತುಂಬಾ ಸವೆದು ಕೋನ 15ಕ್ಕೆ ಇಳಿದಿದ್ದರೆ ಬೆನ್ನಿಗೆ ವೈರಿಂಗ್ ಟೇಪು ಒಂದು ಸುತ್ತು. ಒಂದು ಡಿಗ್ರಿಯಷ್ಟು ಏರುತ್ತದೆ. ಆದರೆ ಒಮ್ಮೆ ಟೇಪು ಹಾಕಿ ಬೆವೆಲ್ ಕೂರಿಸಿದರೆ ಕೊನೆಯ ಕಲ್ಲಿನವರೆಗೂ ಟೇಪು ಇರಲೇಬೇಕು, ನಡುವೆ ಹರಿದರೆ ಹೊಸದು ಹಾಕಿ. ಟೇಪು ತೆಗೆದು ಮುಂದುವರಿಸಿದರೆ ಕಲ್ಲು ಬಾಯಿಯನ್ನು ಮುಟ್ಟುವುದೇ ಇಲ್ಲ, ಬೆವೆಲ್ಲಿನ ಹಿಂದಿನ ಅಂಚನ್ನಷ್ಟೇ ತಿಕ್ಕುತ್ತದೆ.

ಒತ್ತಡದ ಬಗ್ಗೆ ಎಲ್ಲರೂ "ಹಗುರ, ಹಗುರ" ಅನ್ನುತ್ತಾರೆ, ಎಷ್ಟು ಹಗುರ ಅಂತ ಯಾರೂ ಹೇಳುವುದಿಲ್ಲ. ನಾನು ಕಲ್ಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ತಕ್ಕಡಿಯ ಮೇಲೇ ಮಸೆದು ನೋಡಿದೆ. ಬೆವೆಲ್ ಕೂರಿಸುವಾಗ 400ರಿಂದ 500 ಗ್ರಾಂ. ನಡುವಿನ ಕಲ್ಲಿನಲ್ಲಿ 150. ಮುಗಿಸುವಾಗ 50ರಿಂದ 60, ಅಂದರೆ ಹೆಚ್ಚೂಕಡಿಮೆ ವಸ್ತರಾದ ತೂಕವಷ್ಟೇ. ನಾನು "ಹಗುರ" ಅಂತ ತಿಳಿದಿದ್ದದ್ದು 220 ಗ್ರಾಂ ಇತ್ತು! ಎರಡೂ ಬದಿ ಒಳಕ್ಕೆ ಪೂರ್ತಿ ತೋಡಿದ ತೆಳು ಅಲಗು ಅಷ್ಟಕ್ಕೇ ಬಾಗಿ, ಬಾಯಿ ಕಲ್ಲಿನಿಂದ ಮೇಲೇಳುತ್ತದೆ. ತಕ್ಕಡಿಯ ಮೇಲೆ ಎರಡು ವಾರ ಮಸೆದರೆ ಕೈಗೆ ತೂಕ ಕೂತುಬಿಡುತ್ತದೆ. ತಕ್ಕಡಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ನೀರು ಒಳಗೆ ಹೋದರೆ ಮನೆಯವರ ಕೈಯಲ್ಲಿ ನಿಮ್ಮ ಬಾಯಿ ಮೊಂಡಾಗುತ್ತದೆ.

1000ದ ಮೇಲೆ ಒಂದೊಂದು ಕಡೆ 30 ಸುತ್ತು, ಆಮೇಲೆ ನೇರ ಎಳೆತ 20, ಭೂತಗನ್ನಡಿಯಲ್ಲಿ ನೋಡಿ. ಬಾಯಿಯನ್ನು ದೀಪಕ್ಕೆ ನೇರ ಹಿಡಿದಾಗ ಎಲ್ಲೂ ಬಿಳಿ ಮಿನುಗು ಇರಬಾರದು. ಮಿನುಗಿದರೆ ಅಲ್ಲಿ ಎರಡು ಬೆವೆಲ್ ಕೂಡಿಲ್ಲ. ಒದ್ದೆ ಉಗುರಿನ ಮೇಲೆ ವಸ್ತರಾದ ತೂಕಕ್ಕೇ ಕಚ್ಚಿಕೊಂಡು ಹೋಗಬೇಕು, ಜಾರಬಾರದು. ಇಲ್ಲಿ ಸರಿಯಾಗದಿದ್ದರೆ ಮುಂದೆ ಕೋಟಿಕ್ಯೂಲ್ ಆದರೂ ಅಷ್ಟೇ, ಕಲಾದಗಿ ಆದರೂ ಅಷ್ಟೇ. ನಾನು ನಮ್ಮೂರ ಕಲ್ಲನ್ನು ಬೈದ ಮೊದಲ ಮೂರು ತಿಂಗಳಲ್ಲಿ ಅರ್ಧ ತಪ್ಪು ಈ ಬೆವೆಲ್ಲಿನದೇ ಆಗಿತ್ತು. ನಡುವೆ 5000ದ ಕೃತಕ ಕಲ್ಲು, 40 ಎಳೆತ. ಇದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಈಗ ಪಾಟಿಗಲ್ಲು. ಎಲ್ಲರೂ ಸೋತದ್ದು ಇಲ್ಲಿ, ನಾನೂ ಇಲ್ಲೇ. ಕೋಟಿಕ್ಯೂಲಿನಲ್ಲಿ ಕೊಯ್ಯುವುದು ಗಾರ್ನೆಟ್ಟಿನ ಸಣ್ಣ ಹರಳು. ರಾಡಿ ದಪ್ಪಗಿದ್ದರೆ ವೇಗವಾಗಿ ಕೊಯ್ಯುತ್ತದೆ, ತಿಳಿಯಾದಂತೆ ನುಣುಪು ಮಾಡುತ್ತದೆ. ಅದೇ ಅಭ್ಯಾಸದಿಂದ ನಾನು ನಮ್ಮ ಕಲ್ಲಿನ ಮೇಲೂ ಮರಿಗಲ್ಲು ತಿಕ್ಕಿ, ಮಜ್ಜಿಗೆಯಂಥ ರಾಡಿ ಎಬ್ಬಿಸಿ, ನೂರು ನೂರೈವತ್ತು ಎಳೆತ ಎಳೆಯುತ್ತಿದ್ದೆ. ಬೆವೆಲ್ ಮಂಜಿನ ಹಾಗೆ ಚಂದ ಕಾಣುತ್ತಿತ್ತು. ಗಲ್ಲಕ್ಕೆ ಇಟ್ಟರೆ ಎಳೆಯುತ್ತಿತ್ತು. ಪಟ್ಟಾಕ್ಕೆ ನೂರು ಸಲ ಎಳೆದರೂ ಅಷ್ಟೇ. ಕಾರಣ ಸರಳ. ನಮ್ಮ ಕಲ್ಲಿನ ಒಳಗೆ ಕೊಯ್ಯುವುದು ಬೆಣಚಿನ ದೂಳಿನಂಥ ಕಣ, ಅದು ಕಲ್ಲಿನಲ್ಲಿ ಗಟ್ಟಿ ಕೂತಿದ್ದಾಗ ಮೆಲ್ಲಗೆ ಕೆಲಸ ಮಾಡುತ್ತದೆ. ಮರಿಗಲ್ಲು ತಿಕ್ಕಿ ಅದನ್ನು ಬಿಡಿಸಿದರೆ, ಆ ಬಿಡಿ ಕಣಗಳ ಗುಂಪಿಗೆ ಬಾಯಿ ಹೋಗಿ ಹೋಗಿ ಡಿಕ್ಕಿ ಹೊಡೆದು ದುಂಡಗಾಗುತ್ತದೆ. ರಾಡಿಯಲ್ಲಿ ಎಷ್ಟು ಹೊತ್ತು ಮಸೆದರೂ ಒಂದು ಮಟ್ಟದ ಮೇಲೆ ಹರಿತ ಏರುವುದೇ ಇಲ್ಲ. ರಾಡಿ ಬೇಕು, ಆದರೆ 5000ದ ಗೀರು ಅಳಿಸುವಷ್ಟಕ್ಕೆ ಮಾತ್ರ. ಆಮೇಲೆ ಅದನ್ನು ಓಡಿಸಬೇಕು.

ಈಗ ನಾನು ಮಾಡುವುದು ಹೀಗೆ. ಕಲ್ಲನ್ನು ಹತ್ತು ನಿಮಿಷ ನೀರಲ್ಲಿ ಬಿಟ್ಟು ತೆಗೆದು, ಅರ್ಧ ಚಮಚ ನೀರು ಹಾಕಿ, ಮರಿಗಲ್ಲಿನಿಂದ ಅರ್ಧ ನಿಮಿಷ ಮಾತ್ರ ತಿಕ್ಕುತ್ತೇನೆ. ರಾಡಿ ನೀರುಹಾಲಿನಷ್ಟು ತೆಳುವಾಗಿರಬೇಕು, ಕಲ್ಲಿನ ನೇರಳೆ ಅದರ ಕೆಳಗೆ ಕಾಣುತ್ತಿರಬೇಕು. ಬುಡದಿಂದ ತುದಿಯವರೆಗೆ ಓರೆ ಎಳೆತ, ಹೋಗಿ ಬಂದರೆ ಒಂದು, ಹಾಗೆ 20. ರಾಡಿಯ ಬಣ್ಣ ನೇರಳೆಯಿಂದ ಬೂದಿಗೆ ತಿರುಗುತ್ತದೆ, ಅದು ಉಕ್ಕು. ಎರಡು ಬೆರಳು ನೀರಲ್ಲಿ ಅದ್ದಿ ಮೂರು ಹನಿ ಬೀಳಿಸಿ, ಮತ್ತೆ 15. ಮತ್ತೆ ಮೂರು ಹನಿ, ಮತ್ತೆ 15. ಹೀಗೆ ಐದು ಸಲ. ಅಷ್ಟರಲ್ಲಿ ಕಲ್ಲಿನ ಮೇಲೆ ಬರಿ ಕದಡಿದ ನೀರು ಉಳಿಯುತ್ತದೆ. ಆಗ ಕಲ್ಲು, ವಸ್ತರಾ, ಕೈ ಮೂರನ್ನೂ ತೊಳೆಯಿರಿ. ಕೈ ತೊಳೆಯಲು ಮರೆತರೆ ಬೆರಳಿನ ಗೆರೆಗಳಲ್ಲಿ ಕೂತ ರಾಡಿ ಮತ್ತೆ ಕಲ್ಲಿಗೆ ಬರುತ್ತದೆ. ನನಗೆ ಬಹಳ ದಿನ ತಿಳಿಯದೆ ಕಾಡಿದ ಒಂದು ಗೀರು ಅಲ್ಲಿಂದಲೇ ಬರುತ್ತಿತ್ತು. ಆಮೇಲೆ ತಿಳಿ ನೀರಿನಲ್ಲಿ 40, ನಲ್ಲಿಯ ಸಣ್ಣ ಧಾರೆಯ ಕೆಳಗೆ ವಸ್ತರಾದ ತೂಕಕ್ಕೇ 30.

ಗಮನ ಎಳೆತದ ಲೆಕ್ಕಕ್ಕಿಂತ ನೀರಿನ ಮೇಲಿರಲಿ. ಬಾಯಿ ಸರಿಯಾದಂತೆ, ಮುಂದೆ ಹೋಗುವ ಎಳೆತದಲ್ಲಿ ನೀರು ಬಾಯಿಯ ಕೆಳಗೆ ನುಸುಳುವುದನ್ನು ಬಿಟ್ಟು ಅಲಗಿನ ಮೇಲಕ್ಕೆ ಏರುತ್ತದೆ. ಬುಡದಲ್ಲಿ ಏರಿ ತುದಿಯಲ್ಲಿ ಏರದಿದ್ದರೆ ತುದಿ ಕಲ್ಲಿಗೆ ತಾಗುತ್ತಿಲ್ಲ. ಬೆರಳಿನ ಒತ್ತಡ ಕೊಡಬೇಡಿ, ಎಳೆತದ ಓರೆ ಬದಲಿಸಿ. ಮುಗಿಯುವ ಹೊತ್ತಿಗೆ ವಸ್ತರಾ ಕಲ್ಲಿಗೆ ಅಂಟಿಕೊಂಡ ಹಾಗೆ ಎಳೆದಾಡುತ್ತದೆ, ಒದ್ದೆ ಗಾಜಿನ ಮೇಲೆ ಗಾಜು ಸರಿಸಿದಂತೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಹತ್ತು ಎಳೆದರೆ ಇನ್ನೂ ಚಲೋ ಆದೀತು ಅಂತ ಹೋದರೆ ಬಾಯಿಯಲ್ಲಿ ಕಣ್ಣಿಗೆ ಕಾಣದ ತಂತಿ ಎದ್ದು ಪಟ್ಟಾದ ಮೇಲೆ ಮುರಿದು ಬೀಳುತ್ತದೆ. ಕೊನೆಯ 30 ಎಳೆತದ ನೀರಿಗೆ ನಾನು ಒಂದು ಸಾಮಾನ್ಯ ಅಡುಗೆಮನೆಯ ವಸ್ತುವನ್ನು ಚಿಟಿಕೆಯಷ್ಟು ಸೇರಿಸುತ್ತೇನೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ನೂರಕ್ಕೆ ತೊಂಬತ್ತು ಕೆಲಸ ಆಗುತ್ತದೆ. ಉಪ್ಪು ಮಾತ್ರ ಅಲ್ಲ, ಪ್ರಯೋಗಕ್ಕೆ ಹೋಗಿ ತುಕ್ಕು ಹಿಡಿಸಿಕೊಳ್ಳಬೇಡಿ.

ನೀರಿನ ಮಾತು ಬಂತು. ನಮ್ಮ ಕಡೆಯ ಬೋರಿನ ಸವಳು ನೀರು ಮಸೆಯುವಾಗ ಏನೂ ತೊಂದರೆ ಕೊಡುವುದಿಲ್ಲ, ಒಣಗಿದ ಮೇಲೆ ಕೊಡುತ್ತದೆ. ಕಲ್ಲಿನ ಮೇಲೆ ಬಿಳಿ ಸುಣ್ಣದ ಪೊರೆ ಕೂತು ಕಲ್ಲು ಕುರುಡಾಗುತ್ತದೆ, ಬಾಯಿಯ ಮೇಲೆ ಹನಿ ಒಣಗಿದಲ್ಲಿ ಚುಕ್ಕೆ ಬೀಳುತ್ತದೆ. ನಲ್ಲಿಯ ಹೊಳೆ ನೀರಾಗಲಿ, ಫಿಲ್ಟರ್ ನೀರಾಗಲಿ ಬಳಸಿ. ಕುರುಡಾದ ಕಲ್ಲಿಗೆ 1000ದ ವಾಟರ್ ಪೇಪರ್ ಇಪ್ಪತ್ತು ಸಲ ಎಳೆದರೆ ಮತ್ತೆ ಕಣ್ಣು ಬಿಡುತ್ತದೆ.

ಎಣ್ಣೆಯ ಪ್ರಯೋಗವನ್ನೂ ಮಾಡಿದ್ದೇನೆ, ಆರ್ಕನ್ಸಾ ಕಲ್ಲಿನ ಮೇಲೆ. ಮನೆಯಲ್ಲಿ ಇದ್ದದ್ದು ಕುಸುಬಿ ಎಣ್ಣೆ. ಮೊದಲ ವಾರ ಬೆಣ್ಣೆಯ ಹಾಗೆ ಹೋಯಿತು. ಮೂರನೇ ವಾರಕ್ಕೆ ಕಲ್ಲಿನ ಮೇಲೆ ಅಂಟಂಟಾದ ಹಳದಿ ಪೊರೆ, ವಾರ್ನಿಶ್ ಬಳಿದ ಹಾಗೆ. ಕುಸುಬಿ, ಅಗಸಿ ಎರಡೂ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯ ಎಣ್ಣೆಗಳು, ಬಣ್ಣದವರು ಅಗಸಿ ಎಣ್ಣೆ ಹಾಕುವುದೇ ಅದಕ್ಕೆ. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ, ಬ್ರಶ್ ಹಾಕಿ ತಿಕ್ಕಿದ ಮೇಲೆ ಬಿಟ್ಟಿತು. ಹೊಲಿಗೆ ಮಷಿನ್ನಿನ ಎಣ್ಣೆ ಸಾಕು. ಪಾಟಿಗಲ್ಲಿಗೆ ಎಣ್ಣೆ ಮುಟ್ಟಿಸಲೇಬೇಡಿ, ಒಮ್ಮೆ ಹೀರಿಕೊಂಡರೆ ಮತ್ತೆ ನೀರು ಹಿಡಿಯುವುದಿಲ್ಲ.

ಪಟ್ಟಾಕ್ಕೆ ಬೆಳಗಾವಿ ಜಿಲ್ಲೆಯ ಚಪ್ಪಲಿ ಮಾಡುವವರ ಹತ್ತಿರದ ತೊಗಲು. ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿರುತ್ತಾರೆ. ಕ್ರೋಮ್ ಹದದ ಮೆತ್ತನೆ ತೊಗಲಿಗಿಂತ ಇದು ಪಟ್ಟಾಕ್ಕೆ ಎಷ್ಟೋ ವಾಸಿ. ಅಟ್ಟೆಯ ತೊಗಲು ಬೇಡ, ಮೇಲಿನ ಪಟ್ಟಿಗೆ ಹಾಕುವ ಎರಡು ಎರಡೂವರೆ ಮಿಲಿಮೀಟರಿನದು ಕೇಳಿ. ಮೂರು ಇಂಚು ಅಗಲ, ಒಂದೂವರೆ ಅಡಿ ಉದ್ದಕ್ಕೆ 350 ಕೊಟ್ಟೆ. ಎಣ್ಣೆ ಹಾಕಿರುವುದು ಬೇಡ ಅಂತ ಮೊದಲೇ ಹೇಳಿ. ನುಣುಪು ಮುಖವನ್ನು ಗಾಜಿನ ಬಾಟಲಿ ಉರುಳಿಸಿ ಒತ್ತಿ ಒತ್ತಿ ಹೊಳಪಿಸಿದರೆ ಆರು ತಿಂಗಳಲ್ಲಿ ಆಗುವ ಕೆಲಸ ಎರಡು ದಿನಕ್ಕೆ ಆಗುತ್ತದೆ. ಮೊದಲು ದಪ್ಪ ಖಾದಿಯ ಮೇಲೆ 20, ಆಮೇಲೆ ತೊಗಲಿನ ಮೇಲೆ 60.

ಪಟ್ಟಾಕ್ಕೆ ಹೊಳಪಿಸುವ ಪೇಸ್ಟ್ ಹಾಕದೆ ಮುಗಿಸಬೇಕು ಅನ್ನುವುದೇ ನನ್ನ ಪಂಥ. ಆದರೂ ಎರಡು ಅಡ್ಡದಾರಿ ಹಿಡಿದೆ. ಒಂದು ವಿಭೂತಿ. ನಮ್ಮಲ್ಲಿ ಅದಕ್ಕೇನು ಬರ, ಗಟ್ಟಿಯನ್ನೇ ಅರೆದು ಪಟ್ಟಾಕ್ಕೆ ಬಳಿದೆ. ನಾಲ್ಕು ದಾಡಿಯವರೆಗೆ ಚಲೋ ನಡೆಯಿತು, ಐದನೆಯದಕ್ಕೆ ಬಾಯಿಯಲ್ಲಿ ಮೂರು ಕಚ್ಚು. ಎಲ್ಲೋ ಒಂದು ಮರಳಿನ ಕಣ ಇತ್ತು. ಇನ್ನೊಂದು ಹುರಮಂಜು (ಕೆಮ್ಮಣ್ಣು). ನೇರ ಬಳಿದರೆ ಅದೂ ಕಚ್ಚೇ. ಆದರೆ ಒಂದು ಚಮಚವನ್ನು ಉದ್ದ ಗಾಜಿನ ಲೋಟದ ನೀರಲ್ಲಿ ಕದಡಿ, ಅರ್ಧ ತಾಸು ಅಲುಗಾಡಿಸದೆ ಬಿಟ್ಟು, ಮೇಲಿನ ನಾಲ್ಕು ಬೆರಳಿನಷ್ಟು ಕೆಂಪು ನೀರನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ, ಅದನ್ನು ಎರಡು ದಿನ ತಳಕ್ಕೆ ಕೂರಲು ಬಿಟ್ಟು ಒಣಗಿಸಿದರೆ ಸಿಗುವ ಪುಡಿ ಬೇರೆಯದೇ ಜಾತಿ. ದಪ್ಪ ಕಣವೆಲ್ಲ ಮೊದಲ ಲೋಟದ ತಳದಲ್ಲೇ ಉಳಿಯುತ್ತದೆ. ಚಿಟಿಕೆಯಷ್ಟು ಖಾದಿಗೆ ಬಳಿದು 10 ಎಳೆತ. ಅಕ್ಕಸಾಲಿಗರ ರೂಜ್ ಪುಡಿಗೂ ಇದಕ್ಕೂ ನನ್ನ ಗಲ್ಲಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಅಂಗಿಗೆ ಮಾತ್ರ ತಾಗಿಸಬೇಡಿ.

ನೇತಾಡುವ ಕೂದಲು ಕತ್ತರಿಸುವ ಪರೀಕ್ಷೆಯಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಮನೆಯಲ್ಲಿ ಸಿಕ್ಕ ಕೂದಲಿಗೆ ಕೊಬ್ಬರಿ ಎಣ್ಣೆ ಇರುತ್ತದೆ, ಎಂಥ ಬಾಯಿಯ ಮೇಲೂ ಅದು ಜಾರುತ್ತದೆ. ಸಾಬೂನಿನಲ್ಲಿ ತೊಳೆದು ಒಣಗಿಸಿದ ಕೂದಲು ಒಂದಷ್ಟು ಲಕೋಟೆಯಲ್ಲಿ ಇಟ್ಟುಕೊಳ್ಳಿ. ಒಬ್ಬರದೇ ಕೂದಲು, ಬೇರಿನ ತುದಿಯಿಂದ ಹಿಡಿದು. ಇಲ್ಲದಿದ್ದರೆ ನಿನ್ನೆಯ ಫಲಿತಾಂಶವನ್ನು ಇವತ್ತಿನದಕ್ಕೆ ಹೋಲಿಸಲಾಗುವುದಿಲ್ಲ.

ಈ ಬಾಯಿ ಎಷ್ಟು ದಿನ ಬರುತ್ತದೆ? ನನ್ನ ದಾಡಿ ಒರಟು. ದಿನ ಬಿಟ್ಟು ದಿನ ಮಾಡಿದರೆ 14, 15 ದಾಡಿಯವರೆಗೆ ಪಟ್ಟಾ ಸಾಕು. ಆಮೇಲೆ ಪಾಟಿಗಲ್ಲಿನ ಮೇಲೆ ತಿಳಿ ನೀರಿನಲ್ಲಿ 25 ಎಳೆತ, ರಾಡಿ ಬೇಡ, ಮತ್ತೆ ಅಷ್ಟೇ ದಿನ. ಕೋಟಿಕ್ಯೂಲ್ ನನಗೆ 18ರವರೆಗೆ ಕೊಡುತ್ತದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಒಂಬತ್ತು ಸಾವಿರ ರೂಪಾಯಿಗೆ ಮೂರು ದಾಡಿ ಹೆಚ್ಚು.

ಒಂದು ಕಡೆ ಈ ಕಲ್ಲು ಇನ್ನೂ ನನ್ನ ಮಾತು ಕೇಳುತ್ತಿಲ್ಲ. ಜೋಲಿಂಗೆನ್ನಿನದೇ ಒಂದು ಸ್ಟೇನ್‌ಲೆಸ್ ಉಕ್ಕಿನ ವಸ್ತರಾ ಇದೆ. ಇಂಗಾಲದ ಉಕ್ಕಿನಲ್ಲಿ ಕಾಲು ತಾಸಿಗೆ ಆಗುವ ಕೆಲಸ ಅದಕ್ಕೆ ಮುಕ್ಕಾಲು ತಾಸು ಹಿಡಿಯುತ್ತದೆ, ಆದಮೇಲೂ ಕುತ್ತಿಗೆಯ ಹತ್ತಿರ ಎಳೆಯುತ್ತದೆ. ರಾಡಿಯನ್ನು ಎರಡು ಸಲ ಎಬ್ಬಿಸಿ ನೋಡಿದೆ, ಮರಿಗಲ್ಲನ್ನು ಬದಲಿಸಿ ನೋಡಿದೆ, ಆಗಲಿಲ್ಲ. ಅದನ್ನು ಸದ್ಯ ಆರ್ಕನ್ಸಾ ಮೇಲೆ ಮುಗಿಸುತ್ತಿದ್ದೇನೆ. ಬೆಳಗಾವಿಯ ಗೆಳೆಯರು ಈಗ ನನ್ನ ಎರಡನೇ ಕಲ್ಲಿಗೆ ಎರಡು ಸಾವಿರ ಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡುವುದಾದರೆ ಆ ಸ್ಟೇನ್‌ಲೆಸ್ ವಸ್ತರಾವನ್ನು ಅದರ ಮೇಲೆ ಮಸೆದು ತೋರಿಸಿ, ಆಮೇಲೆ ಒಯ್ಯಿರಿ ಅಂದಿದ್ದೇನೆ.